ಮಂಜುಗಡ್ಡೆಯಡಿಯ ಲೆಕ್ಕ

ಉತ್ತರ ಧ್ರುವ ಪ್ರದೇಶದ ಯೋಜನಾ ವರದಿಗಳಲ್ಲಿ ‘ಸಹಭಾಗಿತ್ವ’ ಎಂಬ ಪದ ಕಂಡರೆ ನನಗೆ ಈಗ ಮೊದಲು ಹುಟ್ಟುವುದು ಅನುಮಾನ. ಊರಿನವರನ್ನು ಸಭೆಗೆ ಕರೆದು, ಚಹಾ ಕೊಟ್ಟು, ಹಾಜರಿಗೆ ಸಹಿ ಹಾಕಿಸಿಕೊಂಡರೂ ಅದು ಸಹಭಾಗಿತ್ವವೇ ಆಗಿಬಿಡುತ್ತದೆ. ಅಲಾಸ್ಕಾದ ಉತ್ತರ ತುದಿಯ ತಿಮಿಂಗಿಲ ಎಣಿಕೆಯಿಂದ ನಾನು ಕಲಿತದ್ದು ಬೇರೆ: ಊರಿಗೆ ತನ್ನದೇ ಸಂಸ್ಥೆಯೂ ಹಣವೂ ಇದ್ದಾಗ ಅದರ ತಿಳಿವಳಿಕೆಗೆ ಬೆಲೆ ಬರುತ್ತದೆ. 1977ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವು ಅಲ್ಲಿನ ಮೂಲನಿವಾಸಿಗಳಾದ ಇನೂಪಿಯಾಟ್ ಜನರ ಬೋಹೆಡ್ ತಿಮಿಂಗಿಲ ಬೇಟೆಯನ್ನು ನಿಷೇಧಿಸಿತು. ಉಳಿದಿರುವುದು 600ರಿಂದ 2,000 ತಿಮಿಂಗಿಲ ಮಾತ್ರ ಎಂಬುದು ಆಗಿನ ಅಂದಾಜು. ಮಂಜುಗಡ್ಡೆ ಬಿರಿದ ಕಡೆ ಕಾಣುವ ನೀರಿನಲ್ಲಿ ಹಾದುಹೋಗುವ ತಿಮಿಂಗಿಲಗಳನ್ನು ಕಣ್ಣಳತೆಯಲ್ಲಿ ಎಣಿಸುತ್ತಿದ್ದರು. ಬೇಟೆಗಾರರು ಒಪ್ಪಲಿಲ್ಲ. ಬೋಹೆಡ್ ಮಂಜುಗಡ್ಡೆಯ ಅಡಿಯಲ್ಲೂ ಈಜುತ್ತದೆ, ತಲೆಯಿಂದ ಅದನ್ನು ಒಡೆದು ಉಸಿರಾಡುತ್ತದೆ, ದಡದಿಂದ ಬಲು ದೂರದಲ್ಲೂ ಸಾಗುತ್ತದೆ ಎಂದರು. ಅದೇ ವರ್ಷ ತಮ್ಮದೇ ತಿಮಿಂಗಿಲ ಬೇಟೆ ಆಯೋಗವನ್ನೂ ಕಟ್ಟಿಕೊಂಡರು. ಎಂಬತ್ತರ ದಶಕದಲ್ಲಿ ನಾರ್ತ್ ಸ್ಲೋಪ್ ಬರೋ ಎಂಬ ಸ್ಥಳೀಯ ಆಡಳಿತದ ವನ್ಯಜೀವಿ ಇಲಾಖೆ ನೀರೊಳಗೆ ಧ್ವನಿಗ್ರಾಹಕಗಳನ್ನು ಇಳಿಸಿದಾಗ, ಕಣ್ಣಿಗೆ ಬೀಳದ ತಿಮಿಂಗಿಲಗಳ ದನಿ ಕೇಳಿಸಿತು. 2001ರ ಎಣಿಕೆಯಲ್ಲಿ ಸಂಖ್ಯೆ 10,000 ದಾಟಿತು. ಈ ಏರಿಕೆಯಲ್ಲಿ ಸಂತತಿ ನಿಜವಾಗಿ ಬೆಳೆದ ಪಾಲೂ ಇದೆ. ಎಲ್ಲವೂ ಎಣಿಕೆ ಸುಧಾರಿಸಿದ್ದರಿಂದಲೇ ಬಂದದ್ದಲ್ಲ.

ಬೇಟೆ ಬೇಕೆನ್ನುವವರು ತಿಮಿಂಗಿಲ ಹೆಚ್ಚಿದೆ ಎನ್ನದೆ ಮತ್ತೇನು ಅಂದಾರು ಎಂದು ಕೇಳಬಹುದು. ಸ್ವಾರ್ಥ ಇತ್ತು, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಅವರು ಹೇಳಿದ್ದು ‘ಹೆಚ್ಚಿದೆ’ ಎಂದಷ್ಟೇ ಅಲ್ಲ. ಎಲ್ಲಿ, ಹೇಗೆ ಸಾಗುತ್ತವೆ ಎಂದು ಹೇಳಿದರು. ಅದನ್ನು ಉಪಕರಣದಿಂದ ಪರೀಕ್ಷಿಸಬಹುದಿತ್ತು, ಪರೀಕ್ಷಿಸಿದರು. ಹಿರಿಯರ ಮಾತೆಂದು ತಲೆಬಾಗಿ ಸುಮ್ಮನಾಗಿದ್ದರೆ ಅದೂ ಒಂದು ಬಗೆಯ ಉಪೇಕ್ಷೆಯೇ ಆಗುತ್ತಿತ್ತು.

ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ. 1972ರಲ್ಲಿ ರೂಪುಗೊಂಡ ಆ ಬರೋಗೆ ಪ್ರೂಡೋ ಬೇ ತೈಲಕ್ಷೇತ್ರದ ತೆರಿಗೆ ಹಣವಿತ್ತು, ತನ್ನದೇ ವಿಜ್ಞಾನಿಗಳನ್ನು ನೇಮಿಸಿಕೊಳ್ಳುವ ತಾಕತ್ತಿತ್ತು. ಎಲ್ಲ ಊರಿಗೂ ಎಣ್ಣೆಬಾವಿ ಎಲ್ಲಿಂದ ಬರಬೇಕು? (ಹವಾಮಾನ ಕೆಡಿಸುವ ತೈಲದ ದುಡ್ಡಿನಿಂದಲೇ ಊರು ಗಟ್ಟಿಯಾದ ವ್ಯಂಗ್ಯ ಬೇರೆ.) ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ, ಆದರೆ ಅದು ನನ್ನ ವಾದಕ್ಕೇ ಪುಷ್ಟಿ ಕೊಡುತ್ತದೆ. ಅದೇ ಅಲಾಸ್ಕಾದ ಪಶ್ಚಿಮ ಕರಾವಳಿಯ ಹತ್ತಿರ, ನೆಲದೊಳಗಿನ ಮಂಜು ಕರಗಿ ಕುಸಿಯುತ್ತಿದ್ದ ನ್ಯೂಟಾಕ್ ಎಂಬ, ಯೂಪಿಕ್ ಮೂಲನಿವಾಸಿಗಳ ಹಳ್ಳಿಯನ್ನು ನೋಡಿ. ಅಲ್ಲಿನವರಿಗೂ ತಿಳಿವಳಿಕೆ ಇತ್ತು, ಒಗ್ಗಟ್ಟಿತ್ತು, ಸುಮಾರು 14 ಕಿಲೋಮೀಟರ್ ದೂರದ ಮೆರ್ಟಾರ್ವಿಕ್‌ಗೆ ಹೋಗುವುದೆಂದು ತೊಂಬತ್ತರ ದಶಕದಲ್ಲೇ ತೀರ್ಮಾನಿಸಿದ್ದರು. ಕೈಯಲ್ಲಿ ಹಣವಿರಲಿಲ್ಲ; ಸ್ಥಳಾಂತರದ ಪೂರ್ತಿ ಹೊಣೆ ಹೊರುವ ಒಂದು ಸರ್ಕಾರಿ ಇಲಾಖೆಯೂ ಇರಲಿಲ್ಲ. ಭೂಮಿಯ ವಿನಿಮಯಕ್ಕೆ ಅಮೆರಿಕದ ಸಂಸತ್ತಿನ ಒಪ್ಪಿಗೆ ಸಿಕ್ಕಿದ್ದು 2003ರಲ್ಲಿ, ಮೊದಲ ಕುಟುಂಬಗಳು ಹೊಸ ಮನೆ ಹೊಕ್ಕಿದ್ದು 2019ರಲ್ಲಿ. ನಡುವೆ, ದಡದ ಕೊರೆತವನ್ನು ವಿಪತ್ತೆಂದು ಘೋಷಿಸಿ ಎಂಬ ಮನವಿಯನ್ನು 2017ರಲ್ಲಿ ಕೇಂದ್ರ ಸರ್ಕಾರ ತಿರಸ್ಕರಿಸಿತು. ವಿಪತ್ತು ಪರಿಹಾರದ ವ್ಯವಸ್ಥೆ ರೂಪುಗೊಂಡಿರುವುದು ಹಠಾತ್ತನೆ ಎರಗುವ ಅನಾಹುತಗಳಿಗಾಗಿ. ನ್ಯೂಟಾಕ್‌ನ ನದಿಯೋ ವರ್ಷಾನುಗಟ್ಟಲೆ ದಡ ತಿನ್ನುತ್ತಿತ್ತು.