ಟಿವಿ ಪಕ್ಕ ಪುಟ್ಟ ಪಿಸಿ, ರೌಟರ್ ಪಕ್ಕ ಡಿಸ್ಕು

ಮದುವೆ ವಿಡಿಯೊ, ಪ್ರವಾಸದ ಫೋಟೊ, ಸಂಗ್ರಹದ ಸಿನಿಮಾ ಎಲ್ಲವನ್ನೂ ಟಿವಿಯಲ್ಲಿ ನೋಡಲು ದುಬಾರಿ ಕಂಪ್ಯೂಟರ್ ಬೇಕಿಲ್ಲ. ಹಳೆಯ ಮಿನಿ ಪಿಸಿಯೋ ರಾಸ್‌ಬೆರಿ ಪೈಯೋ ಸಾಕು. ಅದಕ್ಕೆ ವಿಡಿಯೊ, ಫೋಟೊ ತೋರಿಸುವ ಕೋಡಿ ತಂತ್ರಾಂಶ ಹಾಕಿಕೊಳ್ಳಿ, ಉಚಿತ. ಕೊಳ್ಳುವ ಮುನ್ನ ಒಂದನ್ನು ಮಾತ್ರ ವಿಚಾರಿಸಿ: 4ಕೆ ಫೈಲುಗಳಲ್ಲಿ ಬಳಸುವ ಎಚ್‌ಇವಿಸಿ ವಿಡಿಯೊವನ್ನು ಅದರ ಚಿಪ್ಪೇ ನಿಭಾಯಿಸುತ್ತದೆಯೇ? ಇಲ್ಲದಿದ್ದರೆ 4ಕೆ ಚಿತ್ರ ತಡವರಿಸುತ್ತದೆ, ಫ್ಯಾನ್ ಮಾತ್ರ ಸಿನಿಮಾಗಿಂತ ಜೋರಾಗಿ ಕೇಳಿಸುತ್ತದೆ.

ಫೈಲುಗಳನ್ನು ಆ ಪಿಸಿಯೊಳಗೆ ತುಂಬಬೇಡಿ. ರೌಟರ್ ಪಕ್ಕ ಒಂದು ನ್ಯಾಸ್, ಅಂದರೆ ಮನೆಯ ಜಾಲಕ್ಕೆ ಜೋಡಿಸುವ ಡಿಸ್ಕು ಪೆಟ್ಟಿಗೆ, ಇಟ್ಟು, ಫೋಲ್ಡರನ್ನು ಆ ಜಾಲದಲ್ಲಿ ಹಂಚಿ. ಟಿವಿಗೂ ಮಕ್ಕಳಿಗೂ ನೋಡುವ ಅನುಮತಿಯಷ್ಟೇ ಇರಲಿ. ಅಳಿಸುವ ಅಧಿಕಾರ ಒಬ್ಬರಿಗೇ ಸಾಕು. ನ್ಯಾಸ್‌ಗೆ ಬದಲಾಗದ ಐಪಿ ವಿಳಾಸ ಕೊಡಿ. ಕರೆಂಟು ಹೋಗಿ ಬಂದ ಮೇಲೆ ‘ಸಿನಿಮಾ ಎಲ್ಲಿ ಹೋಯ್ತು’ ಎಂಬ ಗೊಣಗಾಟ ತಪ್ಪುತ್ತದೆ. ಸಾಧ್ಯವಾದರೆ ವೈಫೈ ಬಿಟ್ಟು ಕೇಬಲ್ ಎಳೆಯಿರಿ. 4ಕೆ ಬ್ಲೂ-ರೇ ಗುಣಮಟ್ಟದ ಫೈಲು ಕೆಲವೊಮ್ಮೆ ಸೆಕೆಂಡಿಗೆ 100 ಮೆಗಾಬಿಟ್ ದಾಟುತ್ತದೆ. ನಡುವೆ ಹಳೆಯ 100 ಮೆಗಾಬಿಟ್ ಸ್ವಿಚ್ ಇದ್ದರೆ ಚಿತ್ರ ಅಲ್ಲೇ ನಿಂತೀತು.

ಇನ್ನು ರೇಡ್, ಅಂದರೆ ನ್ಯಾಸ್ ಒಳಗಿನ ಡಿಸ್ಕುಗಳನ್ನು ಒಂದಾಗಿ ಬಳಸುವ ವಿಧಾನ. ಎರಡು ಡಿಸ್ಕಿನಲ್ಲಿ ಒಂದೇ ಮಾಹಿತಿ ಇದ್ದರೆ ನಿಶ್ಚಿಂತೆ ಎಂದುಕೊಂಡವರೇ ಹೆಚ್ಚು. ಒಂದು ಡಿಸ್ಕು ಕೆಟ್ಟರೆ ಇನ್ನೊಂದು ಕಾಯುತ್ತದೆ, ನಿಜ. ಆದರೆ ಕೈತಪ್ಪಿ ಅಳಿಸಿದ್ದು ಎರಡರಿಂದಲೂ ಅಳಿಯುತ್ತದೆ. ಸಿಡಿಲು ಬಡಿದರೆ ಎರಡೂ ಸುಟ್ಟಾವು. ಸಿನಿಮಾ ಮತ್ತೆ ಸಿಗುತ್ತದೆ, ಅಜ್ಜಿಯ ದನಿಯಿರುವ ವಿಡಿಯೊ ಸಿಗದು. ಅದರ ಒಂದು ಪ್ರತಿಯನ್ನು ಬೇರೆ ಡಿಸ್ಕಿಗೆ ಹಾಕಿ, ತಂಗಿಯ ಮನೆಯಲ್ಲೋ ಅಣ್ಣನ ಮನೆಯಲ್ಲೋ ಇಡಿ.