ಉರುವಲು ಪೆಲೆಟ್ ಕೊಳ್ಳುವ ಮುನ್ನ ಪರೀಕ್ಷಿಸಿರಿ



ಬಿತ್ತನೆ ಬೀಜ ತಂದಾಗ ನೀವು ನಾಲ್ಕು ಕಾಳು ಮೊಳಕೆಗಿಟ್ಟು ನೋಡುತ್ತೀರಿ. ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತೀರಿ. ಒಲೆಯ ಉರುವಲನ್ನು ಮಾತ್ರ ಬರಿಯ ತೂಕ ನೋಡಿ ತರುವುದುಂಟು. ಆ ತೂಕದಲ್ಲಿ ನೀರೂ ಇರುತ್ತದೆ, ಮಣ್ಣೂ ಇರುತ್ತದೆ. ಅವೆರಡೂ ಉರಿಯುವುದಿಲ್ಲ, ಆದರೂ ಅವಕ್ಕೆ ಹಣ ತೆರುವವರು ನೀವೇ.

ಪೆಲೆಟ್ ಎಂದರೆ ಕಟ್ಟಿಗೆಯ ಪುಡಿ, ಶೇಂಗಾ ಸಿಪ್ಪೆ, ಹತ್ತಿ ಕಟ್ಟಿಗೆ, ಭತ್ತದ ಹೊಟ್ಟು ಮುಂತಾದವನ್ನು ಯಂತ್ರದಲ್ಲಿ ಒತ್ತಿ ಮಾಡಿದ, ಬೆರಳಿಗಿಂತ ಸಣ್ಣ ತುಂಡು. ಚಳಿಯ ದೇಶಗಳಲ್ಲಿ ಇದನ್ನು ಉರಿಸಿ ಮನೆ ಬೆಚ್ಚಗಿಡುತ್ತಾರೆ. ನಮ್ಮಲ್ಲಿ ಅದಕ್ಕೆಂದೇ ಮಾಡಿದ ಒಲೆಯಿದ್ದರೆ ಅಡುಗೆಗೂ ಸ್ನಾನದ ನೀರಿಗೂ ಬಳಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೆರವಿನಿಂದ ರೂಪುಗೊಂಡ ಪೆಲೆಟ್ ಒಲೆಯೊಂದು 2006ರ ಸುಮಾರಿಗೆ ಕರ್ನಾಟಕ, ಮಹಾರಾಷ್ಟ್ರಗಳ ಮನೆಗಳಿಗೆ ಬಂದಿತ್ತು. ಮುಂದೆ ಪೆಲೆಟ್ ಬೆಲೆ ಏರಿದಾಗ ಅನೇಕರು ಅದನ್ನು ಕೈಬಿಟ್ಟರು. ಒಲೆ ಎಷ್ಟೇ ಒಳ್ಳೆಯದಿರಲಿ, ಉರುವಲಿನ ಲೆಕ್ಕ ಕೂಡಿಬರಬೇಕು.

ಆರ್.ಎಚ್. ಕ್ಯಾಂಪುಗಳೂ ಸೇರಿದಂತೆ ಸಿಂಧನೂರು ಸೀಮೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡು. ಇಲ್ಲಿ ಹೊಟ್ಟಿಗೆ ಕೊರತೆಯಿಲ್ಲ. ಆದರೆ 100 ಕಿಲೋ ಹೊಟ್ಟು ಸುಟ್ಟರೆ ಸುಮಾರು 15ರಿಂದ 20 ಕಿಲೋ ಬೂದಿ ಉಳಿಯುತ್ತದೆ. ತೊಗಟೆ ತೆಗೆದ ಶುದ್ಧ ಕಟ್ಟಿಗೆಯಲ್ಲಿ ಉಳಿಯುವುದು 1 ಕಿಲೋ ಮಾತ್ರ, ಕೆಲವೊಮ್ಮೆ ಅದಕ್ಕೂ ಕಡಿಮೆ. ಹೊಟ್ಟಿನ ಪೆಲೆಟ್ ಕೆಟ್ಟದ್ದೆಂದು ಇದರ ಅರ್ಥವಲ್ಲ. ಕಟ್ಟಿಗೆ ಪೆಲೆಟಿನ ಬೆಲೆಗೆ ಅದನ್ನು ಕೊಳ್ಳಬಾರದು, ಅಷ್ಟೆ. ಆದ್ದರಿಂದ ಯಾವುದರಿಂದ ಮಾಡಿದ್ದೆಂದು ಮೊದಲು ಕೇಳಿರಿ. ಬಳಿಕ ಒಂದೆರಡು ಕಿಲೋ ಮಾತ್ರ ತಂದು ಈ ಪರೀಕ್ಷೆಗಳನ್ನು ಮಾಡಿರಿ.

1. ಮುರಿದು ನೋಡಿರಿ. ಒಳ್ಳೆಯ ಪೆಲೆಟ್ ನುಣುಪಾಗಿದ್ದು, ಟಕ್ಕೆಂದು ಮುರಿಯುತ್ತದೆ. ಮೆತ್ತಗೆ ಪುಡಿಯಾದರೆ ತೇವ ಹೆಚ್ಚಿದೆ, ಇಲ್ಲವೆ ಸರಿಯಾಗಿ ಒತ್ತಿಲ್ಲ.

2. ಜರಡಿ ಹಿಡಿಯಿರಿ. ಚೀಲದ ತಳದಿಂದಲೂ ತೆಗೆದು 1 ಕಿಲೋ ತೂಗಿ, ಸುಮಾರು 3 ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಆಡಿಸಿರಿ. 10 ಗ್ರಾಂ ಒಳಗೆ ಪುಡಿ ಬಿದ್ದರೆ ಉತ್ತಮ. ಪುಡಿ ಹೆಚ್ಚಾದರೆ ಒಲೆಯಲ್ಲಿ ಗಾಳಿಯಾಡದೆ ಹೊಗೆ ಬರುತ್ತದೆ.

3. ನೀರಿಗೆ ಹಾಕಿರಿ. ಗಟ್ಟಿಯಾಗಿ ಒತ್ತಿದ ಪೆಲೆಟ್ ಮುಳುಗುತ್ತದೆ, ಸಡಿಲವಾದದ್ದು ತೇಲುತ್ತದೆ. ಮುಳುಗಿದ್ದು ಸ್ವಲ್ಪ ಹೊತ್ತಿನಲ್ಲಿ ಉಬ್ಬಿ ಕರಗುವುದು ಸಹಜ. ಮಳೆಹನಿ ತಾಗಿದ ಚೀಲಕ್ಕೂ ಇದೇ ಗತಿ. ಆದ್ದರಿಂದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿರಿ.

4. ಮೂಸಿರಿ. ಕಟ್ಟಿಗೆಯ ವಾಸನೆ ಇರಬೇಕು. ಬಣ್ಣದ ಅಥವಾ ಅಂಟಿನ ವಾಸನೆ ಬಂದರೆ ಹಳೆಯ ಬಾಗಿಲು, ಪ್ಲೈವುಡ್ ಪುಡಿ ಸೇರಿರಬಹುದು. ಅದರ ಹೊಗೆ ವಿಷ, ಅಗ್ಗವಾದರೂ ಬೇಡ.

5. ಬೂದಿ ತೂಗಿರಿ. 1 ಕಿಲೋ ಪೂರ್ತಿ ಉರಿಸಿ, ಆರಿದ ಮೇಲೆ ತೂಗಿರಿ. ಕಟ್ಟಿಗೆಯದೆಂದು ಮಾರಿದ್ದರಲ್ಲಿ 100 ಗ್ರಾಂ ಬೂದಿ ಉಳಿದರೆ ಹೊಟ್ಟೋ ಮಣ್ಣೋ ಬೆರೆತಿದೆಯೆಂದು ತಿಳಿಯಿರಿ. ಯುರೋಪಿನಲ್ಲಿ ಮನೆಯೊಲೆಗೆ ಮಾರುವ ಮೊದಲ ದರ್ಜೆಯ ಕಟ್ಟಿಗೆ ಪೆಲೆಟಿನಲ್ಲಿ ತೇವ ನೂರಕ್ಕೆ 10ನ್ನೂ ಬೂದಿ 0.7ನ್ನೂ ಮೀರಬಾರದೆಂಬ ನಿಯಮವಿದೆ.

ಕೊನೆಯದಾಗಿ ಬೆಲೆಯ ಪರೀಕ್ಷೆ. ಒಂದೇ ಒಲೆಯಲ್ಲಿ, ಒಂದೇ ಪಾತ್ರೆಯಲ್ಲಿ 5 ಲೀಟರ್ ನೀರನ್ನು ಎರಡು ಬಗೆಯ ಪೆಲೆಟಿನಿಂದ ಬೇರೆ ಬೇರೆಯಾಗಿ ಕುದಿಸಿರಿ. ಕಿಲೋಗೆ 10 ರೂಪಾಯಿಯದು 300 ಗ್ರಾಂ ಹಿಡಿಯಿತು, 9 ರೂಪಾಯಿಯದು 400 ಗ್ರಾಂ ಹಿಡಿಯಿತು ಎಂದಿಟ್ಟುಕೊಳ್ಳಿರಿ. ಮೊದಲನೆಯದಕ್ಕೆ ಬಿದ್ದ ಖರ್ಚು 3 ರೂಪಾಯಿ. ಎರಡನೆಯದಕ್ಕೆ 3 ರೂಪಾಯಿ 60 ಪೈಸೆ. ಅಗ್ಗವೆಂದು ತಂದದ್ದೇ ತುಟ್ಟಿಯಾಯಿತು!

ಒಲೆ ಯಾವುದೇ ಇರಲಿ, ಗಾಳಿಯಾಡುವ ಕಡೆ ಹಚ್ಚಿರಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟು ಮಲಗಬೇಡಿರಿ. ಅದರಿಂದ ಹೊರಡುವ ವಿಷಾನಿಲಕ್ಕೆ ವಾಸನೆಯಿಲ್ಲ, ಅದು ಪ್ರಾಣಕ್ಕೇ ಅಪಾಯ.

ಈ ಪರೀಕ್ಷೆಗಳಿಗೆ ಬೇಕಾದದ್ದು ಒಂದು ತಕ್ಕಡಿ, ಒಂದು ಜರಡಿ, ಒಂದು ಲೋಟ ನೀರು. ನಾಲ್ಕಾರು ಮನೆಯವರು ಕೂಡಿ ಮಾಡಿರಿ. ದಿನವೂ ಒಲೆಯ ಮುಂದೆ ಕೂರುವ ಹೆಣ್ಣುಮಕ್ಕಳ ಅಭಿಪ್ರಾಯ ಕೇಳಿದ ಮೇಲೆಯೇ ಚೀಲಗಟ್ಟಲೆ ತನ್ನಿರಿ.