ಕ್ಯೋಟೋದ ಬೇಸಿಗೆಯಲ್ಲಿ ತಂಪನ್ನರಸುವ ಬಗೆ

ಜಪಾನಿನಲ್ಲಿ ಬೇಸಿಗೆ ಕಾಯುವ ತಿಂಗಳುಗಳು ಕರ್ನಾಟಕದಲ್ಲಿ ಮುಂಗಾರು ಸುರಿಯುವ ತಿಂಗಳುಗಳೇ ಆಗಿರುವುದರಿಂದ, ಊರಿನ ಋತುಮಾನವನ್ನು ಮನಸ್ಸಿನಲ್ಲಿಟ್ಟುಕೊಂಡು ಅಲ್ಲಿಗೆ ಹೋದ ಕನ್ನಡಿಗರು ಮೊದಲ ವರ್ಷ ತಬ್ಬಿಬ್ಬಾಗುವುದು ಸಹಜ. ಜೂನ್ ತಿಂಗಳಲ್ಲಿ ಹಿಡಿದ ಜಡಿಮಳೆ ಜುಲೈ ನಡುಭಾಗ ದಾಟಿದ ಮೇಲೆ ನಿಲ್ಲುತ್ತದೆ; ‘ತ್ಸುಯು’ ಎಂದು ಕರೆಯುವ ಈ ಮಳೆಗಾಲ ಮುಗಿದ ಮೇಲೆಯೇ ನಿಜವಾದ ಸೆಕೆ ಆರಂಭ. ಮೂರು ಕಡೆ ಬೆಟ್ಟಗಳು ಸುತ್ತುವರಿದ ಕ್ಯೋಟೋದಲ್ಲಿ ಗಾಳಿ ಕದಲುವುದೇ ಕಡಿಮೆ. ಉಷ್ಣಾಂಶ 35 ಡಿಗ್ರಿ ಮುಟ್ಟಿದ ದಿನಕ್ಕೆ ‘ಮೋಶೋಬಿ’ ಎಂದೂ 25 ಡಿಗ್ರಿಗಿಂತ ಕೆಳಗಿಳಿಯದ ರಾತ್ರಿಗೆ ‘ನೆತ್ತೈಯಾ’ ಎಂದೂ ಅಲ್ಲಿನ ಹವಾಮಾನ ವರದಿಗಳು ಹೆಸರಿಟ್ಟಿವೆ. ಕಲಬುರಗಿಯ ಬಿಸಿಲನ್ನು ಕಂಡವರಿಗೆ ಈ ಅಂಕಿಗಳು ದೊಡ್ಡವೆನಿಸಲಾರವು. ಮಂಗಳೂರಿನ ಮೇ ತಿಂಗಳ ಬೆವರನ್ನು ನೆನೆದರೆ ಮಾತ್ರ ಅಲ್ಲಿನ ಸಂಕಟ ಅರ್ಥವಾಗುತ್ತದೆ.

ಆ ನಗರದಲ್ಲಿ ಬೇಸಿಗೆಗಳನ್ನು ಕಳೆದ ಅನುಭವ ಕಲಿಸುವ ಮೊದಲ ಪಾಠ ಹೊತ್ತಿಗೆ ಸಂಬಂಧಿಸಿದ್ದು. ಹೊಸಬರು ಬೆಳಗಿನ ಉಪಾಹಾರ ಮುಗಿಸಿ ಹತ್ತು ಗಂಟೆಗೆ ದೇವಾಲಯಗಳ ಪಟ್ಟಿ ಹಿಡಿದು ಹೊರಡುತ್ತಾರೆ, ಮಧ್ಯಾಹ್ನದ ವೇಳೆಗೆ ತಲೆ ಸುತ್ತಿ ಕೂರುತ್ತಾರೆ. ಸ್ಥಳೀಯರು ಆ ಹೊತ್ತಿನಲ್ಲಿ ಬಿದಿರಿನ ಪರದೆ ಇಳಿಬಿಟ್ಟು ಮನೆಯೊಳಗಿದ್ದು, ನಸುಕಿನಲ್ಲಿಯೂ ಮುಸ್ಸಂಜೆಯಲ್ಲಿಯೂ ಹೊರಬರುತ್ತಾರೆ. ಇದಕ್ಕೆ ‘ನೋರ್ಯೋ’ ಎಂಬ ಹೆಸರುಂಟು. ತಂಪನ್ನು ಸವಿಯುವುದು ಎಂಬ ಅರ್ಥದ ಈ ಪದದಲ್ಲಿ ಸೆಕೆಯಿಂದ ತಪ್ಪಿಸಿಕೊಳ್ಳುವುದಕ್ಕಿಂತ, ಸೆಕೆಯ ನಡುವೆಯೇ ತಂಪಿನ ಸುಳಿವನ್ನು ಕಣ್ಣು, ಕಿವಿ, ನಾಲಗೆಗಳಿಂದ ಹಿಡಿದುಕೊಳ್ಳುವ ಆಶಯ ಹೆಚ್ಚು. ಸೂರಿನ ಅಂಚಿಗೆ ಕಟ್ಟಿದ ‘ಫೂರಿನ್’ ಎಂಬ ಪುಟ್ಟ ಗಂಟೆ ಗಾಳಿಯನ್ನು ತರಲಾರದು. ಸುಳಿದ ಗಾಳಿ ಕಿವಿಗೆ ಬೀಳುವಂತೆ ಮಾಡಬಲ್ಲದು, ಅಷ್ಟರಿಂದಲೇ ಮೈ ತಣಿದಂತಾಗುತ್ತದೆ. ಮನೆಯ ಮುಂದೆ ನೀರು ಚಿಮುಕಿಸುವ ‘ಉಚಿಮಿಜು’ ಎಂಬ ರೂಢಿ ಅಂಗಳಕ್ಕೆ ನೀರು ಹಾಕಿ ಬೆಳೆದ ಕನ್ನಡಿಗರಿಗೆ ಹೊಸದಲ್ಲ. ನೀರು ಆವಿಯಾಗುವಾಗ ನೆಲದ ಕಾವನ್ನು ಹೀರಿಕೊಳ್ಳುತ್ತದೆಂಬ ಕಾರಣಕ್ಕೆ ಅದನ್ನು ಬೆಳಗ್ಗೆ ಅಥವಾ ಸಂಜೆ ಮಾಡಬೇಕು. ಉರಿಬಿಸಿಲಿನಲ್ಲಿ ಸುರಿದ ನೀರು ಕ್ಷಣದಲ್ಲಿ ಆರಿ ಹೋಗಿ ಹಬೆಯನ್ನಷ್ಟೇ ಹೆಚ್ಚಿಸುತ್ತದೆ.

ಎರಡನೆಯ ಪಾಠ ತಾರೀಖಿನದು, ಏಕೆಂದರೆ ಜಪಾನಿನ ಬೇಸಿಗೆಯ ತಿನಿಸೂ ಹಬ್ಬವೂ ದಿನಕ್ಕೆ ಕಟ್ಟುಬಿದ್ದಿವೆ. ಜೂನ್ 30ರಂದು, ವರ್ಷದ ಮೊದಲರ್ಧದ ಕೊಳೆ ಕಳೆಯಲೆಂದು ಜನರು ದೇವಾಲಯಗಳಲ್ಲಿ ಹುಲ್ಲಿನ ದೊಡ್ಡ ಬಳೆಯೊಳಗೆ ಹಾದು ಬರುತ್ತಾರೆ. ಅಂದು ಕ್ಯೋಟೋದ ಮಿಠಾಯಿ ಅಂಗಡಿಗಳಲ್ಲಿ ‘ಮಿನಾಜುಕಿ’ ಎಂಬ ತ್ರಿಕೋನಾಕಾರದ ಸಿಹಿ ಸಿಗುತ್ತದೆ. ಹಿಂದೆ ಅರಮನೆಯವರು ಹಿಮಗೃಹಗಳಲ್ಲಿ ಕಾಪಿಟ್ಟ ಮಂಜುಗಡ್ಡೆಯನ್ನು ಬೇಸಿಗೆಯಲ್ಲಿ ತಿನ್ನುತ್ತಿದ್ದರೆಂದೂ, ಅದು ಕೈಗೆಟುಕದ ಸಾಮಾನ್ಯರು ಹಿಟ್ಟನ್ನು ಹಬೆಯಲ್ಲಿ ಬೇಯಿಸಿ ಮಂಜಿನ ಚೂರಿನ ಆಕಾರಕ್ಕೆ ಕತ್ತರಿಸಿ ಮೇಲೆ ಕೆಂಪು ಅಜುಕಿ ಕಾಳು ಹರಡಿ ತಿಂದರೆಂದೂ ಹೇಳಿಕೆ. ಇಷ್ಟು ಸರಳವಾದ ಆಸೆಯಿಂದ ಹುಟ್ಟಿದ ತಿನಿಸು ಬೇರೆಲ್ಲಾದರೂ ಇದ್ದೀತೇ ಎಂಬ ಅಚ್ಚರಿ ಇಂದಿಗೂ ಹೋಗಿಲ್ಲ.

ಜುಲೈ ಪೂರ್ತಿ ಗಿಯೋನ್ ಉತ್ಸವದ ತಿಂಗಳು. 869ರಲ್ಲಿ ಹಬ್ಬಿದ ಸಾಂಕ್ರಾಮಿಕ ರೋಗದ ಶಮನಕ್ಕಾಗಿ ಆರಂಭವಾದ ಈ ಉತ್ಸವದ ತೇರುಗಳು 17ರಂದು ಮತ್ತು 24ರಂದು ಬೀದಿಗಿಳಿಯುತ್ತವೆ. ಗಿಯೋನ್ ಎಂಬುದು ಬುದ್ಧನು ತಂಗುತ್ತಿದ್ದ ಶ್ರಾವಸ್ತಿಯ ಜೇತವನಕ್ಕೆ ಜಪಾನೀ ಹೆಸರು. ತೇರುಗಳ ಮೈಗೆ ಹೊದಿಸುವ ವಸ್ತ್ರಗಳಲ್ಲಿ ಭಾರತದಿಂದ ಹಡಗೇರಿ ಹೋದ ರತ್ನಗಂಬಳಿಗಳಿದ್ದು, ಕೆಲವು ದಖ್ಖನಿನಲ್ಲಿ ನೇಯ್ದವೆಂದು ವಿದ್ವಾಂಸರು ಗುರುತಿಸಿದ್ದಾರೆ. ಕನ್ನಡಿಗರು ಅವುಗಳ ಮುಂದೆ ಒಂದು ಗಳಿಗೆ ಹೆಚ್ಚಾಗಿಯೇ ನಿಲ್ಲಬೇಕು. ಬಿಸಿಲಿನಲ್ಲಿ ಸಾಗುವ ಮೆರವಣಿಗೆಗಿಂತ ಅದರ ಹಿಂದಿನ ಮೂರು ಸಂಜೆಗಳು ಮಿಗಿಲೆಂಬುದು ಅನುಭವದ ತೀರ್ಪು: ಕಾಗದದ ಲಾಂದ್ರಗಳು ಹೊತ್ತಿಕೊಳ್ಳುತ್ತವೆ, ತೇರಿನ ಮೇಲಿಂದ ಕೊಳಲು ಮತ್ತು ಜಾಗಟೆಯ ನಾದ ನಿಧಾನವಾಗಿ ಇಳಿದು ಬರುತ್ತದೆ, ಹತ್ತಿಯ ತೆಳು ‘ಯುಕಾತ’ ತೊಟ್ಟ ಜನ ಬೀಸಣಿಗೆ ಹಿಡಿದು ಅಡ್ಡಾಡುತ್ತಾರೆ.

ಊಟದ ವಿಚಾರದಲ್ಲಿ ಸಸ್ಯಾಹಾರಿಗಳು ಒಂದು ಮಾತನ್ನು ಅರಿತಿರಬೇಕು. ಬೇಸಿಗೆಯ ಮಧ್ಯಾಹ್ನಗಳಿಗೆ ಹೇಳಿ ಮಾಡಿಸಿದಂತಿರುವ ‘ಸೋಮೆನ್’, ಅಂದರೆ ಗೋಧಿ ಹಿಟ್ಟಿನ ಕೂದಲೆಳೆಯ ಶಾವಿಗೆಯನ್ನು ಬೇಯಿಸಿ ಮಂಜಿನ ನೀರಿನಲ್ಲಿಟ್ಟು ಬಡಿಸುವ ಊಟ, ನೋಟಕ್ಕೆ ನಿರ್ದೋಷವಾಗಿದ್ದರೂ ಅದನ್ನು ಅದ್ದಿ ತಿನ್ನುವ ಸಾರು ಸಾಮಾನ್ಯವಾಗಿ ಒಣಮೀನಿನ ಚಕ್ಕೆಗಳಿಂದ ತೆಗೆದದ್ದು. ‘ಕೊಂಬು’ ಎಂಬ ಕಡಲಪಾಚಿಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ, ಆ ನೀರಿಗೆ ಸೋಯಾ ಸಾಸ್ ಮತ್ತು ತುಸು ಸಕ್ಕರೆ ಬೆರೆಸಿದರೆ ಮನೆಯಲ್ಲಿಯೇ ಒಳ್ಳೆಯ ಸಾರು ಸಿದ್ಧವಾಗುತ್ತದೆ. ಹುರಿದ ಬಾರ್ಲಿಯಿಂದ ಮಾಡಿ ತಣ್ಣಗೆ ಕುಡಿಯುವ ‘ಮುಗಿಚಾ’ ದಾಹಕ್ಕೆ ಸಾಟಿಯಿಲ್ಲದ್ದು. ಬೆವರಿನೊಡನೆ ಹೋದ ಉಪ್ಪಿಗೆ ನಮ್ಮ ಉಪ್ಪಿನಕಾಯಿಯ ಸೋದರಿಯಂತಿರುವ ‘ಉಮೆಬೋಶಿ’ ಇದೆ. ಮೀನು ತಿನ್ನುವವರಿಗೆ ಜುಲೈ ತಿಂಗಳ ಮೀನು ‘ಹಾಮೊ’: ನೀರಿನಿಂದ ತೆಗೆದ ಮೇಲೆಯೂ ಬಹಳ ಹೊತ್ತು ಬದುಕಬಲ್ಲ ಈ ಹಾವಿನಾಕಾರದ ಮೀನು, ಶೀತಲಪೆಟ್ಟಿಗೆಗಳಿಲ್ಲದ ಕಾಲದಲ್ಲಿಯೂ ಕಡಲಿನಿಂದ ದೂರದ ಕ್ಯೋಟೋಗೆ ಜೀವಂತವಾಗಿ ತಲುಪುತ್ತಿತ್ತು.

ದಿನದೊಳಗೆ ಹೋಗಿಬರಬಹುದಾದ ತಾಣಗಳಲ್ಲಿ ಕಿಬುನೆಗೆ ಸಮನಾದುದು ಕಡಿಮೆ. ದೆಮಾಚಿಯನಗಿ ನಿಲ್ದಾಣದಿಂದ ಚಿಕ್ಕ ರೈಲಿನಲ್ಲಿ ಸುಮಾರು ಅರ್ಧ ಗಂಟೆ ಸಾಗಿ, ಅಲ್ಲಿಂದ ಎರಡು ಕಿಲೋಮೀಟರು ಕಣಿವೆಯ ದಾರಿ ಹತ್ತಿದರೆ ಜಲದೇವತೆಯ ಗುಡಿಯೂ, ಹೊಳೆಯ ನೀರಿಗೆ ಕೈ ಸೋಕುವಷ್ಟು ಹತ್ತಿರದಲ್ಲಿ ಹಾಸಿದ ‘ಕವಾದೋಕೊ’ ಎಂಬ ಊಟದ ಅಟ್ಟಣೆಗಳೂ ಸಿಗುತ್ತವೆ. ಊಟ ದುಬಾರಿ, ಮಳೆ ಬಂದು ಹೊಳೆ ಏರಿದರೆ ಅಟ್ಟಣೆ ತೆರೆಯುವುದಿಲ್ಲವಾದ್ದರಿಂದ ಜಡಿಮಳೆಯ ದಿನಗಳಲ್ಲಿ ಕಾಯ್ದಿರಿಸುವುದು ಜಾಣತನವಲ್ಲ. ಟೋಕಿಯೋದಲ್ಲಿರುವವರಿಗೆ ಸುಮಾರು 1000 ಮೀಟರ್ ಎತ್ತರದ ಕರುಯಿಜಾವಾ ಶಿಂಕಾನ್ಸೆನ್ ರೈಲಿನಲ್ಲಿ ಒಂದು ಗಂಟೆಯ ಆಸುಪಾಸಿನ ದಾರಿ.

ಆಗಸ್ಟ್ ನಡುವೆ ಬರುವ ‘ಓಬೋನ್’ ಹಬ್ಬದಲ್ಲಿ ಮಾತ್ರ ದೂರ ಪ್ರಯಾಣವನ್ನು ಇಟ್ಟುಕೊಳ್ಳಬಾರದು. ಇಡೀ ದೇಶ ತವರಿಗೆ ಹೊರಟಿರುತ್ತದೆ, ಒಂದು ತಿಂಗಳು ಮೊದಲೇ ಮಾರಾಟಕ್ಕೆ ಬರುವ ರೈಲು ಟಿಕೆಟನ್ನು ಆಗಲೇ ಕೊಳ್ಳದವರಿಗೆ ಆಸನ ಸಿಗುವುದು ಕಷ್ಟ. ತೀರಿಹೋದ ಹಿರಿಯರು ಮನೆಗೆ ಬರುತ್ತಾರೆಂಬ ನಂಬಿಕೆಯ ಈ ಹಬ್ಬ ಪಿತೃಪಕ್ಷವನ್ನು ಬಲ್ಲವರಿಗೆ ವಿವರಣೆಯಿಲ್ಲದೆ ತಿಳಿಯುತ್ತದೆ. ಹಿರಿಯರು ಬೇಗ ಬರಲೆಂದು ಸೌತೆಕಾಯಿಗೆ ಕಡ್ಡಿಗಳ ಕಾಲು ಚುಚ್ಚಿ ಕುದುರೆಯನ್ನೂ, ನಿಧಾನವಾಗಿ ಮರಳಲೆಂದು ಬದನೆಕಾಯಿಯ ಹಸುವನ್ನೂ ಮಾಡಿಡುವ ಮನೆಗಳು ಹಲವೆಡೆ ಉಂಟು. ಕ್ಯೋಟೋದಲ್ಲಿ 16ರ ರಾತ್ರಿ 8 ಗಂಟೆಗೆ ಪೂರ್ವದ ಬೆಟ್ಟದ ಮೇಲೆ ‘ದೊಡ್ಡದು’ ಎಂಬರ್ಥದ ಅಕ್ಷರ ಬೆಂಕಿಯಲ್ಲಿ ಮೂಡುತ್ತದೆ, ಬಳಿಕ ಉಳಿದ ನಾಲ್ಕು ಬೆಂಕಿಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ಅದನ್ನು ಕಾಮೋ ನದಿಯ ದಂಡೆಯಿಂದ ನೋಡಲು ಹೋಗುವ ಓದುಗರು, ಬೆಂಕಿ ಆರುವ ತನಕ ದಯವಿಟ್ಟು ದನಿ ತಗ್ಗಿಸಿ ನಿಲ್ಲಬೇಕು. ಪಕ್ಕದಲ್ಲಿ ನಿಂತವರು ತಮ್ಮ ಮನೆಯವರನ್ನು ಬೀಳ್ಕೊಡುತ್ತಿರುತ್ತಾರೆ.